ಜಿರಳೆ ಕಾಲಿನ ಹಿಮ್ಮೇಳ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ಪ್ರಾಣಿಶಾಸ್ತ್ರದ ಸರ್. ಅವರ ಹಿಂದೆ ಮೈಕ್‌ಸೆಟ್ ಬಾಷಣ್ಣ ಹೇಳಿದ. ಅವನ ಹಿಂದೆ ಕಾನಹೊಸಹಳ್ಳಿಯ ನನ್ನ ಸೋದರಮಾವ, ಭಜನೆ ಮೇಳದ ಹಾರ್ಮೋನಿಯಂ ಮಾಸ್ತರ ವೀರಭದ್ರಪ್ಪ, ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದು ಹೇಳಿದ. ಇವರ ನಡುವೆ ನಮ್ಮವ್ವನೂ ಹೇಳಿದಳು. ಉಳಿದವರು ಆಗುವುದಿಲ್ಲ ಎಂದರೆ ಅವ್ವ ಆಗಬಾರದು ಎಂದಳು, ಅಷ್ಟೇ ವ್ಯತ್ಯಾಸ. ಜಿರಳೆಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಆ ಬಗ್ಗೆ ಸ್ವಲ್ಪ ಸಂಕೋಚವಿದೆ.

ಇದೆಲ್ಲ ನೆನಪಾಗಲು ಕಾರಣ ಹಳೆಯ ಪತ್ರಿಕೆಯ ಒಂದು ಹಾಳೆ. ನಾನೀಗ ಹಡಗಲಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಊಟದ ಹೊತ್ತಿನಲ್ಲಿ ಡಬ್ಬಿಯ ಕೆಳಗೆ ಹಾಸಿಕೊಂಡಿದ್ದ ಪತ್ರಿಕೆಯ ಮೇಲೆ ಚಟ್ನಿಪುಡಿಗೆ ಹಾಕಿದ ಎಣ್ಣೆ ಚೆಲ್ಲಿತು. ಒರೆಸಲು ಹೋದರೆ ಕಣ್ಣಿಗೆ ಬಿದ್ದ ಸುದ್ದಿ ಇದು: ಹೊರದೇಶದಲ್ಲಿ ಯಾರೋ ಕಲಾವಿದರು ಗಾಜಿನ ತಟ್ಟೆಯಲ್ಲಿ ಜೀವಂತ ನರಕೋಶಗಳನ್ನು ಸಾಕಿ, ಅವುಗಳ ವಿದ್ಯುತ್ತನ್ನು ವಾದ್ಯಕ್ಕೆ ಜೋಡಿಸಿ, ಸಂಗೀತಗಾರರ ಜತೆ ವೇದಿಕೆಯ ಮೇಲೆ ಕೂಡಿಸಿದ್ದಾರಂತೆ. ಇವರು ನುಡಿಸಿದ್ದು ಅದಕ್ಕೆ ಮುಟ್ಟುತ್ತದೆ, ಅದು ಕೊಟ್ಟ ಉತ್ತರ ಇವರಿಗೆ ಕೇಳಿಸುತ್ತದೆ. ಇದಕ್ಕೆ ಜೈವಿಕ ಕಲೆ ಎಂದು ಹೆಸರು.

"ನೋಡ್ರಿ ಟೀಚರ್, ಏನೇನು ಸುಳ್ಳು ಬರೀತಾರ" ಎಂದರು ಹೊಳಲಿನಿಂದ ಬರುವ ನಮ್ಮ ಗಣಿತದ ಮಾಸ್ತರು. "ನರ ಎಲ್ಲ್ಯರ ಸಂಗೀತ ನುಡಸ್ತೈತೇನ್ರಿ?"

"ನುಡಸ್ತೈತ್ರಿ ಮಾಸ್ತರ. ನಮ್ಮ ಮಾವ ನುಡಿಸ್ಯಾನ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಹೆಚ್ಚು ಹೇಳಲಿಲ್ಲ. ಹೇಳಿದರೆ ನಂಬುವುದಿಲ್ಲ, ಬರೆದರೆ ನೀವು ನಂಬುತ್ತೀರಿ. ಅಚ್ಚಾದದ್ದನ್ನು ನಂಬುವುದು ಓದಿದವರ ಚಟ.

ನಾನು ಓದಿದ ಕಾಲೇಜು ಯಾವ ಊರಿನದು ಎಂದು ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದರಲ್ಲಿ ಒಂದು. ನಮ್ಮ ಮನೆ ಉಜ್ಜಿನಿಯಲ್ಲಿತ್ತು, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ ಎಂದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗೆ ಐದೂ ಒಂದೇ. ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ಶೇಂಗಾ ಮಿಲ್ಲಿನಲ್ಲಿ ಹಮಾಲಿ. ಅವ್ವ ಅದೇ ಮಿಲ್ಲಿನ ಅಂಗಳದಲ್ಲಿ ಶೇಂಗಾ ಆರಿಸುವವಳು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ಅಪ್ಪನೊಬ್ಬನೇ. ಆ ಮೆಟ್ಟಿಲು ಕಟ್ಟುವಾಗ, ತಲೆಯ ಮೇಲೆ ಕಲ್ಲು ಹೊತ್ತು.

ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ಕೊಟ್ರೇಶರು, ಇಬ್ಬರು ಕೊಟ್ರಮ್ಮಂದಿರು. ನಮ್ಮ ಸೀಮೆಯಲ್ಲಿ ಹೆಸರಿಡುವ ಹೊತ್ತಿಗೆ ಯಾರೂ ಬಹಳ ತಲೆ ಕೆಡಿಸಿಕೊಳ್ಳುವುದಿಲ್ಲ, ದೇವರ ಮೇಲೆ ಭಾರ ಹಾಕುತ್ತಾರೆ. ಹಾಜರಿ ಕರೆಯುವಾಗ ಸರ್ "ಕೊಟ್ರೇಶ ಒಂದು, ಕೊಟ್ರೇಶ ಎರಡು" ಎಂದು ಮೂಟೆ ಎಣಿಸಿದ ಹಾಗೆ ಎಣಿಸುತ್ತಿದ್ದರು. ನಾನು ಎರಡನೇ ಕೊಟ್ರಮ್ಮ. ಇಲ್ಲಿ ಬರುವ ಕೊಟ್ರೇಶ ಮೂರನೆಯವನು.

ನನ್ನ ಪ್ರಾಕ್ಟಿಕಲ್ ರೆಕಾರ್ಡ್ ಇಡೀ ಕಾಲೇಜಿಗೆ ಮಾದರಿ. ಜಿರಳೆಯ ನರಮಂಡಲ ಬರೆದಿದ್ದೆ ನೋಡಿ, ಎರಡು ಎಳೆ ದಾರ, ನಡುನಡುವೆ ಗಂಟು, ಗಂಟಿನಿಂದ ಕಾಲು ಕಾಲಿಗೆ ಹೊರಟ ಸಣ್ಣ ಎಳೆ. ಹಳೆಬಟ್ಟೆ ಜೋಡಿಸಿ ಕೌದಿ ಹೊಲಿಯುವ ಮನೆಯ ಮಗಳಲ್ಲವೇ. "ಕೊಯ್ದು, ಕಣ್ಣಾರೆ ಕಂಡು ಬರೆದ ಚಿತ್ರ ಹೀಗಿರತ್ತೆ" ಎಂದು ಸರ್ ಬೇರೆ ಹುಡುಗರಿಗೆ ತೋರಿಸುತ್ತಿದ್ದರು. ನಾನು ಕೊಯ್ದಿರಲಿಲ್ಲ. ಮೂರನೇ ಕೊಟ್ರೇಶ ನನ್ನ ಪಾಲಿನದನ್ನೂ ಕೊಯ್ಯುತ್ತಿದ್ದ, ನಾನು ಅವನ ಪಾಲಿನ ಚಿತ್ರವನ್ನೂ ಬರೆಯುತ್ತಿದ್ದೆ. ಕತ್ತರಿ ಅವನದು, ಪೆನ್ಸಿಲ್ಲು ನನ್ನದು.

ಕಾರಣ ಅವ್ವ. ನಮ್ಮದು ಕೊರಳಲ್ಲಿ ಲಿಂಗವಿರುವ ಮನೆ. ಡಿಗ್ರಿಗೆ ಕಳಿಸಲು ಒಪ್ಪುವಾಗಲೇ ಅವ್ವ ಒಂದು ಮಾತು ತೆಗೆದುಕೊಂಡಿದ್ದಳು. "ಓದು, ಎಷ್ಟರ ಓದು. ಆದ್ರ ಜೀವದ ಮ್ಯಾಲೆ ಕೈ ಹಾಕಬ್ಯಾಡ. ಹಾಕಿದಿ ಅಂದ್ರ ಅಡಿಗಿ ಮನಿ ಹೊಸ್ತಿಲಾ ದಾಟಬ್ಯಾಡ." ಹಾಗಾದರೆ ಸಸ್ಯಶಾಸ್ತ್ರಕ್ಕೆ ಸೇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸೇರಿದ್ದೆ. ಆದರೆ ರಸಾಯನ, ಸಸ್ಯ, ಪ್ರಾಣಿ ಮೂರನ್ನೂ ಒಂದೇ ಚೀಲದಲ್ಲಿ ಕೊಡುತ್ತಿದ್ದರು. ಶೇಂಗಾ ತೆಗೆದುಕೊಂಡರೆ ಹಳ್ಳು ಕಲ್ಲೂ ಬರುತ್ತದಲ್ಲ, ಹಾಗೆ.

ಕೊನೆಯ ವರ್ಷ ಸರ್ ಒಂದು ದಿನ ನನ್ನ ಟೇಬಲ್ಲಿನ ಎದುರಿಗೇ ಬಂದು ನಿಂತರು. "ಎಲ್ಲಿ, ನನ್ನ ಮುಂದೆ ಕೊಯ್ಯಿ ನೋಡೋಣ." ನಾನು ಕತ್ತರಿ ಹಿಡಿದೆ. ಕೈ ನಡುಗಿತು. ಬಹಳ ಹೊತ್ತು ನಡುಗಿತು. ಅಷ್ಟರಲ್ಲಿ ಜಿರಳೆಗೆ ಮಂಪರು ಇಳಿದು, ಎದ್ದು, ಮೀಸೆ ಸರಿಮಾಡಿಕೊಂಡು ತಟ್ಟೆಯಿಂದ ನಡೆದು ಹೋಯಿತು. ಮೂರು ವರ್ಷದ ಕಥೆ ಸರ್‌ಗೆ ಒಂದೇ ನಿಮಿಷದಲ್ಲಿ ಅರ್ಥವಾಯಿತು.

"ನೀನು ಚಿತ್ರಕಲಾ ಶಾಲೆಗೆ ಸೇರಬೇಕಿತ್ತು ಕಣಮ್ಮ" ಎಂದರು. ಅವರು ಹರಪನಹಳ್ಳಿ ಕಡೆಯವರು, ಬೈಯುವುದನ್ನೂ ಮೆತ್ತಗೆ ಬೈಯುತ್ತಿದ್ದರು. "ಈ ರೆಕಾರ್ಡಿಗೆ ನಾನು ಸಹಿ ಹಾಕಲ್ಲ."

ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಪರೀಕ್ಷೆ ಇಲ್ಲದಿದ್ದರೆ ಡಿಗ್ರಿ ಇಲ್ಲ. ಅಪ್ಪ ಮಿಲ್ಲಿನಲ್ಲಿ ಆಗಲೇ ನನ್ನನ್ನು "ನಮ್ಮ ಡಿಗ್ರಿ" ಎಂದು ಕರೆಯತೊಡಗಿದ್ದ.

ಅದೇ ವಾರದ ಪಾಠದಲ್ಲಿ ಸರ್ ಹೇಳಿದರು: ನರದೊಳಗೆ ಹರಿಯುವುದು ಸಣ್ಣ ಸಣ್ಣ ವಿದ್ಯುತ್ ಮಿಡಿತ. ದೊಡ್ಡ ಪ್ರಯೋಗಶಾಲೆಗಳಲ್ಲಿ ಅದನ್ನು ಹಿಗ್ಗಿಸಿ ಲೌಡ್‌ಸ್ಪೀಕರಿನಲ್ಲಿ ಕೇಳುತ್ತಾರೆ. ಜಿರಳೆಯ ಕಾಲು ಬೇರೆಯಾದ ಮೇಲೂ ಅದರ ನರಕೋಶಗಳು ಒಂದಷ್ಟು ಹೊತ್ತು ಜೀವಂತವಾಗಿರುತ್ತವೆ, ಕಾಲಿನ ಮುಳ್ಳಿಗೆ ಗಾಳಿ ಸೋಕಿದರೂ ಮಿಡಿಯುತ್ತವೆ.

ನಾನು ಎದ್ದು ನಿಂತೆ. "ಸರ್, ನಮ್ಮ ಕಡೆ ಲೌಡ್‌ಸ್ಪೀಕರಿಗೆ ಏನು ಬರ?"

ಕ್ಲಾಸು ನಕ್ಕಿತು. ಸರ್ ನಗಲಿಲ್ಲ. "ಇಲ್ಲಿ ಆಗಲ್ಲ ಕಣಮ್ಮ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಒಂದು ಷರತ್ತು ಹಾಕಿದರು. ಮುಂದಿನ ತಿಂಗಳು ಐದೂ ಊರಿನ ಕಾಲೇಜುಗಳ ವಿಜ್ಞಾನ ಪ್ರದರ್ಶನ ನಮ್ಮಲ್ಲಿಯೇ ಇತ್ತು. ಅಲ್ಲಿ ಎಲ್ಲರ ಮುಂದೆ ನರದ ಸದ್ದು ಕೇಳಿಸಬೇಕು. ಕಾಲನ್ನು ನಾನೇ ಕತ್ತರಿಸಿರಬೇಕು. ಕೇಳಿಸಿದರೆ ರೆಕಾರ್ಡಿಗೆ ಅಲ್ಲಿಯೇ ಸಹಿ. ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದು. ಇಲ್ಲದಿದ್ದರೆ ಅಷ್ಟು ಧಾರಾಳವಾಗಿ ಕೊಡುತ್ತಿರಲಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಆಗಬಾರ್ದು" ಎಂದಳು.

"ಜೀವ ತಗಿಯೂದಲ್ಲವ್ವ. ಕಾಲು ಒಂದ. ಅದು ಮತ್ತ ಬೆಳಿತೈತಿ."

"ಕಾಲು ಬೆಳಿತೈತಾ?"

"ಪುಸ್ತಕದಾಗ ಐತಿ."

ಪುಸ್ತಕದಲ್ಲಿ ಇರುವುದು ನಿಜ. ಬೆಳೆಯುವುದು ಮರಿಗೆ, ರೆಕ್ಕೆ ಬಂದ ದೊಡ್ಡ ಜಿರಳೆಗೆ ಅಲ್ಲ ಎಂದೂ ಅದರ ಮುಂದಿನ ಸಾಲಿನಲ್ಲಿತ್ತು. ನಾನು ಮುಂದಿನ ಸಾಲು ಓದಿ ಹೇಳಲಿಲ್ಲ. ಅವ್ವ ಸ್ವಲ್ಪ ಮೆತ್ತಗಾದಳು. "ಕತ್ತರಸಾಕಿ ನೀನೋ?"

"ಇಲ್ಲವ್ವ, ಕೊಟ್ರೇಶ."

ಹೀಗೆ ನಾನೇ ಕತ್ತರಿಸುತ್ತೇನೆ ಎಂದು ಸರ್‌ಗೂ, ನಾನು ಕತ್ತರಿಸುವುದಿಲ್ಲ ಎಂದು ಅವ್ವನಿಗೂ ಮಾತು ಕೊಟ್ಟು, ಎರಡನ್ನೂ ನಡೆಸುವ ಜವಾಬ್ದಾರಿಯನ್ನು ಮೂರನೇ ಕೊಟ್ರೇಶನ ಮೇಲೆ ಹಾಕಿದೆ. ಅವನು ಕತ್ತರಿಸುವುದು, ನಾನು ಕತ್ತರಿಸಿದೆ ಎನ್ನುವುದು. ಮೂರು ವರ್ಷದ ರೂಢಿ.

ಬಾಷಣ್ಣನ ಅಂಗಡಿ ಬಸ್‌ಸ್ಟ್ಯಾಂಡಿನ ಬಗಲಿಗಿತ್ತು. ಹೊರಗೆ ಹೂವಿನಾಕಾರದ ಹಾರ್ನುಗಳು ಗೋಡೆಗೆ ಬಾಯಿ ಮಾಡಿಕೊಂಡು ಮಲಗಿರುತ್ತಿದ್ದವು. ನನ್ನ ಮಾತು ಕೇಳಿ ಅವನು ಸೋಲ್ಡರ್ ಕಡ್ಡಿ ಕೆಳಗಿಟ್ಟ.

"ಮದ್ವಿಗೆ ಕೊಟ್ಟೀನಿ, ಉರುಸಿಗೆ ಕೊಟ್ಟೀನಿ, ಎಲೆಕ್ಷನ್ನಿಗೆ ಕೊಟ್ಟೀನಿ. ಜಿರಳಿಗೆ ಮೈಕ್ ಕೊಡು ಅಂತ ನಮ್ಮ ಅಬ್ಬಾನ ಕಾಲದಾಗೂ ಯಾರೂ ಬಂದಿಲ್ಲವ್ವ. ಆಗೂದಲ್ಲ ಬಿಡು. ಅದಕ್ಕ ಬಾಯಿ ಐತೇನು?"

"ಬಾಯಿ ಇಲ್ಲದವ್ರಿಗೇ ಅಲ್ಲೇನಣ್ಣ ಮೈಕ್ ಬೇಕಾಗೂದು?"

ಅವನು ಬಹಳ ನಕ್ಕ. ನಕ್ಕ ತಪ್ಪಿಗೆ ಹಳೆಯದೊಂದು ಆಂಪ್ಲಿಫೈಯರ್ ತೆಗೆದುಕೊಟ್ಟ. ಕೊಟ್ರೇಶ ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ಫ್ಲಾಸ್ಕಿನಲ್ಲಿ ಐಸು ತಂದ. ಐಸಿನಲ್ಲಿಟ್ಟ ಜಿರಳೆ ನಿದ್ದೆ ಹೋಗುತ್ತದೆ. ಅವನು ಕಾಲು ಕತ್ತರಿಸಿ ಬೆಂಡಿನ ತುಂಡಿನ ಮೇಲಿಟ್ಟು, ಎರಡು ಗುಂಡುಪಿನ್ನು ಚುಚ್ಚಿದ. ಬಾಷಣ್ಣ ಪಿನ್ನಿಗೆ ವೈರು ಸುತ್ತಿ ಸ್ವಿಚ್ ಹಾಕಿದ.

"ಗುಂಯ್ಯ್" ಎಂದು ಸ್ಪೀಕರು ಹಾಡತೊಡಗಿತು.

ನಮ್ಮ ಸಂತೋಷ ಏನು ಹೇಳಲಿ! ಒಂದೇ ಸ್ವರ, ಎಳೆ ಮುರಿಯದ ಶ್ರುತಿ. ಬಾಷಣ್ಣ ಬಸ್ಸಿನ ಕಂಡಕ್ಟರುಗಳನ್ನೆಲ್ಲ ಕರೆದು ಕೇಳಿಸಿದ. ಕೂಡ್ಲಿಗಿ ಬಸ್ಸಿನ ಕಂಡಕ್ಟರನೊಬ್ಬ "ನಮ್ಮ ಮನಿ ಜಿರಳಿ ಇದಕ್ಕಿಂತ ಚಲೋ ಅಂತಾವು, ತರ್ಲೇನು?" ಎಂದ. ಆರು ದಿನ ಹೀಗೆ ಕಚೇರಿ ನಡೆಯಿತು. ಏಳನೆಯ ದಿನ ಕೊಟ್ರೇಶ ಬೇರೆ ಕಾಲು ಹಾಕಲು ಹಳೆಯದನ್ನು ಕಿತ್ತ. ಕಾಲು ಅವನ ಕೈಯಲ್ಲಿತ್ತು. ಹಾಡು ಡಬ್ಬಿಯಲ್ಲಿ ನಡೆದೇ ಇತ್ತು.

ಬಾಷಣ್ಣನ ಮುಖ ಸಣ್ಣದಾಯಿತು. "ಇದು ನಮ್ಮ ಕರೆಂಟಿನ ಗುಂಯ್ ಐತವ್ವ. ವಯರಿಂಗ್ ಬಗಲಿಗಿದ್ರ ಬರ್ತೈತಿ." ಮೂವತ್ತು ವರ್ಷ ಆ ಸದ್ದನ್ನು ಕೇಳಿಕೊಂಡು ಬಂದವನಿಗೆ ಆರು ದಿನ ಅದರ ಗುರುತೇ ಸಿಕ್ಕಿರಲಿಲ್ಲ. ಬೇಕು ಅಂದುಕೊಂಡದ್ದು ಕೇಳಿಸುವಾಗ ಕಿವಿ ಪ್ರಶ್ನೆ ಕೇಳುವುದಿಲ್ಲ.

ನರದ ಸದ್ದು ಆ ಗುಂಯ್‌ನ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಅದನ್ನು ಮೇಲೆತ್ತಿದ್ದು ನಮ್ಮ ಬುದ್ಧಿಯಲ್ಲ, ಕರೆಂಟು. ಇದ್ದಲ್ಲ, ಹೋಗಿ. ಆ ದಿನಗಳಲ್ಲಿ ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತು ಗೊತ್ತು ಇರಲಿಲ್ಲ. ಒಂದು ಮಧ್ಯಾಹ್ನ ಇಡೀ ಓಣಿಯ ಕರೆಂಟು ಹೋಯಿತು. ಬಾಷಣ್ಣ ಮೆರವಣಿಗೆಯ ಬಾಡಿಗೆಗೆ ಕಳಿಸುವ ಮುಂಚೆ ನೋಡೋಣ ಎಂದು ಆಂಪ್ಲಿಫೈಯರಿಗೆ ಲಾರಿ ಬ್ಯಾಟರಿ ಜೋಡಿಸಿದ. ಆಗಷ್ಟೇ ಕತ್ತರಿಸಿ ಹಾಕಿದ್ದ ಹೊಸ ಕಾಲು ಬೆಂಡಿನ ಮೇಲೆ ಹಾಗೆಯೇ ಇತ್ತು. ಗುಂಯ್ ಇರಲಿಲ್ಲ. ಅದರ ಜಾಗದಲ್ಲಿ ಚಟ್... ಚಟ್ ಚಟ್... ಎಂದು ಏನೋ. ನಾನು ಬಗ್ಗಿ ಮೆಲ್ಲಗೆ ಊದಿದೆ.

ಚರ್ರ್‌ರ್! ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ.

ಮತ್ತೆ ಊದಿದೆ. ಮತ್ತೆ ಸಿಡಿಯಿತು. ಬಾಷಣ್ಣ "ಯಾ ಅಲ್ಲಾ" ಎಂದ. ಕೊಟ್ರೇಶ "ಶಿವಶಿವಾ" ಎಂದ. ನಾನು ಮೂರನೇ ಸಲ ಊದಿದೆ. ಆ ಎಳೆಯನ್ನು ನಾನು ಪೆನ್ಸಿಲಿನಲ್ಲಿ ಅದೆಷ್ಟು ಸಲ ಬರೆದಿದ್ದೆ. ಅದಕ್ಕೆ ತನ್ನದೇ ಮಾತು ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತೊಂದರೆ ಇದ್ದದ್ದು ಬೇರೆಯವರಿಗೆ ಕೇಳಿಸಿದಾಗ. "ಬಾಷಾ, ನಿನ್ನ ವಯರು ಲೂಜ್ ಆಗೈತಿ ನೋಡು" ಎನ್ನುತ್ತಿದ್ದರು. ಗುಂಯ್ ಎಂದ ಸುಳ್ಳನ್ನು ಆರು ದಿನ ಸಂಗೀತ ಎಂದು ಕೇಳಿದ ಜನ, ಚರ್ರ್ ಎಂಬ ನಿಜವನ್ನು ರಿಪೇರಿಗೆ ಕಳಿಸಿದರು.

ಆ ಹೊತ್ತಿಗೆ ಬಂದವನು ನನ್ನ ಮಾವ. ತಮ್ಮ ಮೇಳದ ಭಜನೆಗೆ ಹಾರ್ನು ಬಾಡಿಗೆಗೆ ಹೇಳಿ ಹೋಗಲು, ಬಗಲಲ್ಲಿ ಹಾರ್ಮೋನಿಯಂ ಇಟ್ಟುಕೊಂಡೇ ಬಂದಿದ್ದ. ಯಾವ ಮೈಕಿಗೂ ತನ್ನ ಪೆಟ್ಟಿಗೆಯನ್ನು ಒಮ್ಮೆ ಹಾಡಿಸಿ ನೋಡದೆ ಅವನು ಒಪ್ಪುತ್ತಿರಲಿಲ್ಲ. ನಾನು ಎಲ್ಲ ವಿವರಿಸಿದೆ. ಅವನು ಎದ್ದು ಹೋಗಿ ಉಗುಳಿ ಬಂದ.

"ಆಗೂದಲ್ಲಲೇ ಕೊಟ್ರಿ. ಇದು ಸದ್ದು, ಸಂಗೀತಲ್ಲ. ಸಂಗೀತ ಅಂದ್ರ ಒಬ್ಬ ಬಿಟ್ಟದ್ದನ್ನ ಇನ್ನೊಬ್ಬ ಎತ್ತಿಕೋಬೇಕು. ಇದೇನು ಎತ್ತಿಕೊಂತೈತಿ? ಎಣ್ಣ್ಯಾಗ ಬಿದ್ದ ಜೀರಿಗಿ ಇದು."

ಹೀಗೆ ಹೇಳಿ ಪೆಟ್ಟಿಗೆಯನ್ನು ನಮ್ಮ ಬೆಂಡಿನ ಪಕ್ಕದಲ್ಲೇ ಇಟ್ಟು ಒಂದು ಸಾಲು ಹಾಡಿದ. ಅವನ ಹಾರ್ಮೋನಿಯಂನ ತಿದಿ ಒಂದು ಮೂಲೆಯಲ್ಲಿ ಹರಿದಿತ್ತು. ಒತ್ತಿದಾಗಲೆಲ್ಲ ಅಲ್ಲಿಂದ ಗಾಳಿ ಸೋರುತ್ತಿತ್ತು. ಹೊಲಿಸು ಎಂದು ಮೇಳದವರು ಹೇಳಿ ಹೇಳಿ ಬೇಸತ್ತಿದ್ದರು. ಸಾಲು ಮುಗಿಸಿ, ಬೆರಳು ಎತ್ತಿ, ಉಳಿದ ಗಾಳಿ ಖಾಲಿ ಮಾಡಲು ತಿದಿಯನ್ನು ಒಮ್ಮೆ ಒತ್ತಿದ.

ಚರ್ರ್‌ರ್.

ಮಾವ ತಿರುಗಿ ನೋಡಿದ. ಇನ್ನೊಂದು ಸಾಲು ಹಾಡಿ, ನಿಲ್ಲಿಸಿ, ಒತ್ತಿದ. ಚರ್ರ್‌ರ್. ಮೆಲ್ಲಗೆ ಒತ್ತಿದ, ಚಟ್ ಚಟ್. ಜೋರಾಗಿ ಒತ್ತಿದ, ಚರ್ರೋ ಚರ್ರ್. ಹರಿದ ಮೂಲೆಯ ಗಾಳಿ ನೇರ ಕಾಲಿನ ಮುಳ್ಳಿಗೆ ತಾಗುತ್ತಿತ್ತು. ಹಾಡುವಾಗ ಪೆಟ್ಟಿಗೆಯ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದ ಸಿಡಿತ ಹಾಡು ಬಿಟ್ಟಾಗ ಕೇಳಿಸುತ್ತಿತ್ತು. ಮಾವನ ಮುಖದಲ್ಲಿ ಒಂದು ಬೆಳಕು ಬಂತು.

"ಮೂವತ್ತು ವರ್ಷ ಆತಲೇ ನಾನು ಮೇಳ ಕಟ್ಟಿ. ಇಷ್ಟು ಸರಿಯಾಗಿ ಹಿಮ್ಮೇಳ ಎತ್ತಿಕೊಂಡಾವ ನಮ್ಮಾಗ ಒಬ್ಬನೂ ಇಲ್ಲ."

ಭಜನೆಯ ಪದ್ಧತಿ ನಿಮಗೆ ಗೊತ್ತಿದೆ. ಮುಂದಿನವನು ಒಂದು ಸಾಲು ಹೇಳಿ ಬಿಡುತ್ತಾನೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ನಾನು ಇಷ್ಟು ದಿನ ಸದ್ದನ್ನು ಹೆಚ್ಚಿಸಲು ನೋಡುತ್ತಿದ್ದೆ. ಅದು ಉತ್ತರ ಎಂದು ಗೊತ್ತಾಗಬೇಕಾದರೆ ಅದರ ಮುಂದೆ ಖಾಲಿ ಜಾಗ ಬಿಡಬೇಕು ಎಂದು ನನಗೆ ಹೊಳೆದಿರಲಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದ ಮಾವನಿಗೆ ಹೊಳೆಯಿತು. ಪ್ರದರ್ಶನಕ್ಕೆ ತನ್ನ ಮೇಳವನ್ನೇ ತರುತ್ತೇನೆ ಎಂದ. ತಬಲಾದ ಗಾದೆಪ್ಪನಿಗೂ ತಾಳದವರಿಗೂ ಕಟ್ಟುನಿಟ್ಟು ಹೇಳಿದ: "ನಾ ಬಿಟ್ಟಾಗ ಯಾರೂ ಕೈ ಆಡಸಬ್ಯಾಡ್ರಿ. ಅದು ನಮ್ಮ ಹೊಸ ಮನಿಷಾಂದು ಜಾಗ."

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಹಡಗಲಿಯವರು ಜ್ವಾಲಾಮುಖಿ ತಂದಿದ್ದರು. ಹಗರಿಬೊಮ್ಮನಹಳ್ಳಿಯವರು ಡ್ಯಾಮು ತಂದಿದ್ದರು, ಅದು ಅವರ ಟೇಬಲ್ಲಿನಿಂದ ಸೋರಿ ನಮ್ಮ ಕಡೆಗೇ ಬರುತ್ತಿತ್ತು. ಬಾಷಣ್ಣನ ಮಾತಿನಂತೆ ಮೇನ್ ಸ್ವಿಚ್ ತೆಗೆಸಿದೆವು. ಫ್ಯಾನುಗಳು ನಿಂತವು, ಎಲ್ಲರೂ ರುಮಾಲಿನಿಂದ ಬೀಸಿಕೊಂಡು ನಮ್ಮನ್ನು ಶಪಿಸಿದರು. ಮುಂದಿನ ಸಾಲಿನಲ್ಲಿ ತೀರ್ಪುಗಾರರು, ಅವರ ಪಕ್ಕ ಸರ್. ಮೂರನೆಯ ಸಾಲಿನಲ್ಲಿ ಅವ್ವ. ತನ್ನ ಅಣ್ಣ ಕಾಲೇಜಿನ ಸ್ಟೇಜಿನ ಮೇಲೆ ಹಾಡುವುದನ್ನು ನೋಡಲು, ಮಿಲ್ಲಿಗೆ ರಜೆ ಹಾಕಿ ಬಂದಿದ್ದಳು.

ಕಾಲನ್ನು ಕೊಟ್ರೇಶ ಬೆಳಿಗ್ಗೆಯೇ ಲ್ಯಾಬಿನಲ್ಲಿ ಕತ್ತರಿಸಿ ಕೊಟ್ಟು, ಬ್ಯಾಟರಿ ನೋಡಿಕೊಳ್ಳಲು ಪರದೆಯ ಹಿಂದೆ ಹೋಗಿದ್ದ. ನಾನು ಪಿನ್ನು ಚುಚ್ಚಿ, ಒಮ್ಮೆ ಊದಿ ನೋಡಿದೆ. ಸಿಡಿಯಿತು. ವೈರು ಸರಿಮಾಡಲು ಬಗ್ಗಿದೆ.

ಆಮೇಲೆ ನಡೆದದ್ದು ನಮ್ಮ ಕಡೆಯವರಿಂದಲ್ಲದೆ ಬೇರೆಯವರಿಂದ ಆಗುವ ತಪ್ಪಲ್ಲ. ಮೇಳದಲ್ಲಿ ಒಂದು ಪದ್ಧತಿ. ವಿಭೂತಿ ಹಚ್ಚದೆ ಯಾವ ವಾದ್ಯವನ್ನೂ ನುಡಿಸುವುದಿಲ್ಲ. ಮಾವ ಪೆಟ್ಟಿಗೆಗೆ ಹಚ್ಚಿದ, ತಬಲಾಕ್ಕೆ ಹಚ್ಚಿದ, ತಾಳಕ್ಕೆ ಹಚ್ಚಿದ. ಹೊಸದಾಗಿ ಮೇಳಕ್ಕೆ ಸೇರಿದವರನ್ನು ಬಿಟ್ಟು ಹಚ್ಚುವುದುಂಟೇ? ನಾನು ತಲೆ ಎತ್ತುವಷ್ಟರಲ್ಲಿ ಜಿರಳೆಯ ಕಾಲಿನ ಮೇಲೆ, ಇದ್ದಷ್ಟು ಜಾಗದಲ್ಲಿ, ಧಾರಾಳವಾಗಿ ವಿಭೂತಿ ಬಿದ್ದಿತ್ತು.

ಮಾವ ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದ. ಚೆನ್ನಾಗಿಯೇ ಹಾಡಿದ. ನಿಲ್ಲಿಸಿದ. ತಿದಿ ಒತ್ತಿದ.

ಏನೂ ಇಲ್ಲ.

ಇನ್ನೊಂದು ಸಾಲು. ಒತ್ತಿದ. ಏನೂ ಇಲ್ಲ. ವಿಭೂತಿ ಕಾಲಿನ ಪಸೆಯನ್ನೆಲ್ಲ ಹೀರಿ, ಮುಳ್ಳುಗಳನ್ನು ಮೆತ್ತಿ ಕೂರಿಸಿತ್ತು. ಮೇಳಕ್ಕೆ ಸೇರಿಸಿಕೊಂಡ ಗೌರವಕ್ಕೇ ಅದು ಸತ್ತಿತ್ತು.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಮಾಸ್ತರ, ಜಿರಳಿ ಧ್ಯಾನಕ್ಕ ಕುಂತೈತ್ರಿ!" ಇನ್ನೊಬ್ಬ: "ಇಲ್ಲಲೇ, ಲಿಂಗೈಕ್ಯ ಆಗೈತಿ!" ಸಭಾಂಗಣವೆಲ್ಲ ನಕ್ಕಿತು. ಸರ್ ಎದ್ದು ನಿಂತರು. ಅವರ ಮುಖದಲ್ಲಿ ಕೋಪ ಇರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು, ಕನಿಕರ. "ಸಾಕು ಬಿಡಮ್ಮ" ಎಂದರು.

ನನ್ನ ಕಾಲಬಳಿ ಫ್ಲಾಸ್ಕಿತ್ತು. ಅದರೊಳಗೆ ಐಸಿನಲ್ಲಿ ಜಿರಳೆ ಇತ್ತು, ಅದಕ್ಕೆ ಇನ್ನೂ ಐದು ಕಾಲುಗಳಿದ್ದವು. ಪರದೆಯ ಹಿಂದಿನಿಂದ ಕೊಟ್ರೇಶ "ನಾ ಬರ್ಲೇನು?" ಎಂದು ಪಿಸುಗುಟ್ಟಿದ. ಬಂದರೆ ಸರ್ ನೋಡುತ್ತಾರೆ. ಅವನು ಬರದೆ ನಾನೇ ಕತ್ತರಿಸಿದರೆ ಅವ್ವ ನೋಡುತ್ತಾಳೆ. ಹಾಗೇ ಇಳಿದು ಹೋದರೆ ಯಾರೂ ಏನೂ ಅನ್ನುವುದಿಲ್ಲ, ಮೂರು ವರ್ಷ ಬಸ್ಸಿಗೆ ಹೋಗಿ ಬಂದದ್ದು ಮಾತ್ರ ಉಳಿಯುತ್ತದೆ.

ನಾನು ಜಿರಳೆಯನ್ನು ತಟ್ಟೆಗೆ ಹಾಕಿದೆ. ಕತ್ತರಿ ತೆಗೆದುಕೊಂಡೆ. ಅವ್ವನ ಕಡೆ ನೋಡಬಾರದು ಎಂದುಕೊಂಡೇ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕೈ ನಡುಗುತ್ತಲೇ ಇತ್ತು. ನಡುಗುವ ಕೈಯಿಂದಲೂ ಕತ್ತರಿಸಬಹುದು ಎಂದು ಆ ದಿನ ನನಗೆ ತಿಳಿಯಿತು. ಅಷ್ಟೇ, ಒಂದು ಸಣ್ಣ ಕಟ್ ಎಂಬ ಸದ್ದು. ಬೆಂಡಿನ ಮೇಲಿಟ್ಟೆ, ಉಪ್ಪುನೀರು ಹನಿಸಿದೆ, ಪಿನ್ನು ಚುಚ್ಚಿದೆ. ಮಾವ ಮತ್ತೆ ವಿಭೂತಿ ತಟ್ಟೆಗೆ ಕೈ ಹಾಕಿದ.

"ಮಾವ, ಕೈ ತಗಿ!" ಎಂದೆ. ಮೈಕು ಚಾಲೂ ಇದ್ದದ್ದು ಮರೆತಿದ್ದೆ. ಐದು ಊರಿನವರಿಗೂ ಕೇಳಿಸಿತು.

ಮಾವ ಹಾಡಿದ. ಬಿಟ್ಟ. ಒತ್ತಿದ.

ಚರ್ರ್‌ರ್.

ನಗು ನಿಂತಿತು. ಮುಂದಿನ ಸಾಲು. ಮೆಲ್ಲಗೆ ಒತ್ತಿದ, ಅದು ಮೆಲ್ಲಗೆ ಹೇಳಿತು. ಎರಡು ಸಲ ಒತ್ತಿದ, ಎರಡು ಸಲ ಹೇಳಿತು. ಗಾದೆಪ್ಪನ ಕೈ ತಬಲಾದ ಮೇಲೆ ಗಾಳಿಯಲ್ಲಿ ನಿಂತಿತ್ತು. ಪದ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗರು ಮಾವ ಬಿಟ್ಟ ಜಾಗದಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಐದು ಊರಿನ ಕಾಲೇಜು ಹುಡುಗರು ಒಂದು ಜಿರಳೆಗಾಗಿ ಬಾಯಿ ಮುಚ್ಚಿಕೊಂಡು ಕೂತದ್ದು ಅದೇ ಮೊದಲು, ಅದೇ ಕೊನೆ ಇರಬೇಕು.

ತೀರ್ಪುಗಾರರಲ್ಲಿ ಒಬ್ಬರು ಕೇಳಿದರು: "ಇದರಿಂದ ಸಮಾಜಕ್ಕೆ ಏನು ಉಪಯೋಗ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದ: "ಭಜನಿದು ಏನು ಉಪಯೋಗ್ರಿ ಸಾಹೇಬ್ರ? ಅದ ಇದರದೂ."

ಬಹುಮಾನ ಬರಲಿಲ್ಲ. ವಿಜ್ಞಾನದ ತೀರ್ಪುಗಾರರು ಇದು ಸಂಗೀತ ಎಂದರು. ಸಂಗೀತ ಬಲ್ಲ ಪ್ರಾಂಶುಪಾಲರು ಇದು ವಿಜ್ಞಾನ ಎಂದರು. ಮೊದಲ ಬಹುಮಾನ ಹಡಗಲಿಯ ಜ್ವಾಲಾಮುಖಿಗೆ ಹೋಯಿತು. ಅದು ಹೊತ್ತಿರಲಿಲ್ಲ, ಆದರೆ ಬಣ್ಣ ಚೆನ್ನಾಗಿತ್ತು. ಸರ್ ಮಾತ್ರ ಸ್ಟೇಜಿನ ಮೆಟ್ಟಿಲ ಮೇಲೆಯೇ ಕೂತು ನನ್ನ ರೆಕಾರ್ಡು ತೆರೆದು ಪುಟ ಪುಟಕ್ಕೆ ಸಹಿ ಹಾಕಿದರು. ನರಮಂಡಲದ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದರು: ಕೈ ನಡುಗಿದೆ, ಸ್ವತಃ ಮಾಡಿದ್ದಾಳೆ.

"ಸರ್, ಮೊದಲನೇ ಕಾಲು..." ಎಂದು ನಾನು ಶುರುಮಾಡಿದೆ.

"ಮೊದಲನೇ ಕಾಲಿನ ವಿಷಯ ನನಗೆ ಬೇಡ ಕಣಮ್ಮ" ಎಂದರು.

ಬಸ್ಸಿನಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಳು. ನಾನು ಕಿಟಕಿಯ ಕಡೆ ಕೂತು, ಇನ್ನು ಅಡುಗೆಮನೆಯ ಹೊರಗೆ ಊಟ ಮಾಡುವುದಕ್ಕೆ ಪಡಸಾಲೆಯಲ್ಲಿ ಯಾವ ಮೂಲೆ ಒಳ್ಳೆಯದು ಎಂದು ಯೋಚಿಸುತ್ತಿದ್ದೆ. ಉಜ್ಜಿನಿಯ ತಿರುವಿನಲ್ಲಿ ಅವ್ವ ಹೇಳಿದಳು: "ಕತ್ತರಸಾಕಿ ನೀನಲ್ಲ ಅಂದಿದ್ದಿ."

"ಹೂಂ ಅವ್ವ."

"ಕಾಲು ಬೆಳಿತೈತೋ, ಅದೂ ಸುಳ್ಳೋ?"

"ಮರಿ ಇದ್ರ ಬೆಳಿತೈತಿ. ಇದು ಮರಿ ಅಲ್ಲ."

ಅವಳು ಇಳಿಯಲು ಚೀಲ ಎತ್ತಿಕೊಂಡಳು. "ಮನಿಗೆ ಹೋಗಿ ತಲಿ ಮ್ಯಾಲೆ ನೀರು ಹಾಕ್ಕೊ. ಅದರ ಹೆಸರಿನಾಗ ಒಂದು ಕಾಯಿ ಒಡದು ಬಾ. ಆಮ್ಯಾಲೆ ಒಳಗ ಬಂದು ರೊಟ್ಟಿ ಬಡಿ, ನಂಗ ಸಾಕಾಗೈತಿ." ಹೊಸ್ತಿಲ ಕಾನೂನು ಹೀಗೆ ರದ್ದಾಯಿತು. ಅಡುಗೆಮನೆಯಿಂದ ಹೊರಗೆ ಹಾಕಿಸಿಕೊಳ್ಳುವ ಒಂದೇ ಒಂದು ಅವಕಾಶವೂ ಕೈತಪ್ಪಿತು.

ಪರೀಕ್ಷೆ ಬರೆದೆ. ಪಾಸಾದೆ. ಯಾರ ಹೆಗಲ ಮೇಲೂ ಕೂತು ಪಾಸಾಗಲಿಲ್ಲ ಎಂದು ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕತ್ತರಿಯೂ ನನ್ನದೇ, ಪೆನ್ಸಿಲ್ಲೂ ನನ್ನದೇ. ಪಾಪ, ಮೂರನೇ ಕೊಟ್ರೇಶನ ಚಿತ್ರ ನೋಡಿ ಪರೀಕ್ಷಕರು ಇದು ಜಿರಳೆಯೋ ಏಡಿಯೋ ಎಂದು ಕೇಳಿದರಂತೆ. ಅವನೂ ಪಾಸಾದ.

ಪದವಿಯ ಸರ್ಟಿಫಿಕೇಟು ವಿಶ್ವವಿದ್ಯಾಲಯದಿಂದ ಕಾಲೇಜಿಗೆ ಬರಲು ಬಹಳ ತಿಂಗಳು ಹಿಡಿಯಿತು. ಬಂದಿದೆ ಎಂದು ತಿಳಿದ ದಿನ ಅವ್ವ ತಾನೂ ಬರುತ್ತೇನೆ ಎಂದಳು. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ದೊಡ್ಡ ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡರು. ದಪ್ಪ ಹಾಳೆಯನ್ನು ಸರಳಿನ ನಡುವಿನಿಂದ ತೂರಿಸಿದರು. ನನ್ನ ಕೈಗೆ ಬರುವ ಮೊದಲೇ ಅವ್ವ ಕೈ ಒಡ್ಡಿದಳು. ಸೆರಗಿಗೆ ಎರಡೂ ಕೈ ಒರೆಸಿಕೊಂಡು ಒಡ್ಡಿದ್ದಳು. ಗುಮಾಸ್ತರು ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅವಳ ಕೈಗೇ ಕೊಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮುದ್ರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ನನಗೆ ಕೊಟ್ಟು, "ಓದು" ಎಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಪುರಾಣ ಕೇಳಲು ಕೂತವರ ಹಾಗೆ ಕಟ್ಟೆಯ ಮೇಲೆ ಕೂತಳು.

ನಾನು ಓದಿದೆ. ಮೊದಲು ಇಂಗ್ಲಿಷಿನಲ್ಲಿದ್ದದ್ದು ಓದಿದೆ. ಆಮೇಲೆ ಕನ್ನಡದಲ್ಲಿದ್ದದ್ದು ಓದಿದೆ. ಆ ಕನ್ನಡವೂ ನಮ್ಮ ಮನೆಯಲ್ಲಿ ಯಾರೂ ಆಡದ ಕನ್ನಡ. ಅತ್ತಿತ್ತ ಹೋಗುವ ಹುಡುಗರು ನಿಂತು ನೋಡಿದರು. ನಾನು ನಾಚಿಕೊಳ್ಳಲಿಲ್ಲ, ನನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಉಳಿದ ಅಕ್ಷರಗಳಿಗಿಂತ ಒಂದು ಹಿಡಿ ಜೋರಾಗಿಯೇ ಓದಿದೆ. ಮುಗಿಯಿತು. 

"ಒಂದಕ್ಷರನೂ ತಿಳೀಲಿಲ್ಲ ನೋಡವ್ವಾ" ಎಂದಳು ಅವ್ವ. "ಇನ್ನೊಂದು ಸಲ ಓದು."